ಎರಡು ಹೊಳೆಗಳ ನಡುವೆ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಈ ಭೂಭಾಗಕ್ಕೆ ಹಿಂದೆ ‘ಎಡೆದೊರೆನಾಡು’ ಎಂಬ ಅನ್ವರ್ಥನಾಮವಿತ್ತು. ಆದರೂ “ನಮ್ಮಲ್ಲಿ ನೋಡತಕ್ಕದ್ದೇನಿದೆ? ಬರಿಯ ಬಿಸಿಲು, ಬಂಡೆ” ಎಂದು ಮಾನ್ವಿ, ದೇವದುರ್ಗಗಳ ಕಡೆಯವರೇ ಹೇಳುವುದುಂಟು. ಈ ಮಾತನ್ನು ಒಪ್ಪಲಾಗದು.

ಯುರೋಪಿನ ರೈನ್ ನದಿಯನ್ನು ನೋಡಲು ಲೋಕದ ನಾನಾ ಕಡೆಗಳಿಂದ ಜನರು ಹೋಗುತ್ತಾರೆ. ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ, ಸುಮಾರು 1,230 ಕಿಲೋಮೀಟರ್ ಹರಿದು, ಅದು ಉತ್ತರ ಸಮುದ್ರವನ್ನು ಸೇರುತ್ತದೆ. ಜರ್ಮನಿಯಲ್ಲಿ ಅದರ ದಂಡೆಯ ಗುಡ್ಡಗಳ ಮೇಲೆ ಹಳೆಯ ಕೋಟೆಗಳಿವೆ. ಇಳಿಜಾರುಗಳಲ್ಲಿ ದ್ರಾಕ್ಷಿಯ ತೋಟಗಳಿವೆ. ಲೋರೆಲೈ ಎಂಬ ಕಡಿದಾದ ಬಂಡೆಯ ಮೇಲೆ ಕುಳಿತು ಹಾಡುವ ಚೆಲುವೆಯೊಬ್ಬಳು ನಾವಿಕರನ್ನು ಮೈಮರೆಸುತ್ತಿದ್ದಳೆಂದು ಅಲ್ಲಿಯ ಜನ ಕಥೆ ಹೇಳುತ್ತಾರೆ. ಈ ಕಣಿವೆಯ 65 ಕಿಲೋಮೀಟರ್ ಭಾಗವು 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕೋಟೆ, ಬಂಡೆ, ಕಥೆ – ಇವು ನಮ್ಮಲ್ಲಿಲ್ಲವೆ? ತುಂಗಭದ್ರೆಯ ದಂಡೆಯ ಹಂಪೆಯು 1986ರಲ್ಲಿಯೇ ಆ ಪಟ್ಟಿಗೆ ಸೇರಿತು. ಅದನ್ನು ಲೋಕವೇ ಬಲ್ಲದು. ಆದರೆ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಯ ಮೇಲಿರುವ ಜಲದುರ್ಗವನ್ನು ಕಂಡವರೆಷ್ಟು ಮಂದಿ? ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಬಹು ಉದ್ದನೆಯ ಕಲ್ಲೊಂದಿದೆ. ಅದನ್ನು ಬಂಡಿಯಲ್ಲಿ ಎಳೆದು ತಂದ ದೃಶ್ಯವನ್ನೂ ಅಲ್ಲಿಯೇ ಕೆತ್ತಲಾಗಿದೆ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಆ ಬಂಡೆ ದೃಢಪಡಿಸಿತು. ತುಂಗಭದ್ರೆಯ ದಡದ ಚೀಕಲಪರ್ವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ನಮ್ಮಲ್ಲಿ ಕೊರತೆಯಿರುವುದು ನೋಟಗಳಿಗಲ್ಲ, ನೋಡುವ ಕಣ್ಣಿಗೆ.

ರೈನ್ ನದಿಯಿಂದ ಕಲಿಯತಕ್ಕ ಇನ್ನೊಂದು ಪಾಠವಿದೆ. ಕಾರ್ಖಾನೆಗಳ ಕೊಳೆಯಿಂದ ಆ ನದಿ ಬಹುಕಾಲ ಕೆಟ್ಟಿತ್ತು. 1986ರ ನವೆಂಬರ್ 1ರಂದು ಬಾಸೆಲ್ ನಗರದ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಿತು. ಬೆಂಕಿ ಆರಿಸಿದ ನೀರಿನೊಡನೆ ವಿಷವು ಹೊಳೆಗಿಳಿಯಿತು, ಹೊಳೆ ಕೆಂಪಾಯಿತು, ಮೀನುಗಳು ರಾಶಿರಾಶಿಯಾಗಿ ಸತ್ತವು. ದಂಡೆಯ ದೇಶಗಳು ಎಚ್ಚೆತ್ತು, 1987ರಲ್ಲಿ ಒಟ್ಟುಗೂಡಿ ಕಾರ್ಯಯೋಜನೆಯೊಂದನ್ನು ಕೈಗೊಂಡವು. ಕೊಳಚೆಯನ್ನು ಶುದ್ಧಿಗೊಳಿಸಿದವು, ಅಡ್ಡಕಟ್ಟೆಗಳಲ್ಲಿ ಮೀನು ಹತ್ತಲು ದಾರಿಮಾಡಿದವು. ಕಣ್ಮರೆಯಾಗಿದ್ದ ಸಾಲ್ಮನ್ ಮೀನು ಮತ್ತೆ ಕಾಣಿಸಿಕೊಂಡಿತು.

ಯಾತ್ರಿಕರು ಬಂದರೆ ಊರಿಗೆ ಉದ್ಯೋಗ ಬರುವುದು. ಆದ್ದರಿಂದ ಮೊದಲು ರಸ್ತೆ, ವಸತಿಗೃಹಗಳಾಗಲಿ ಎನ್ನುವವರಿದ್ದಾರೆ. ಅವು ಬೇಡವೆಂದಲ್ಲ. ಆದರೆ ಮಿತಿಮೀರಿ ಮರಳು ತೋಡಿದರೆ ದಂಡೆ ಕುಸಿಯುತ್ತದೆ, ಬಾವಿಗಳ ಒರತೆ ಬತ್ತುತ್ತದೆ. ಮಿಂದವರು ಹಳೆಯ ಬಟ್ಟೆ, ಪ್ಲಾಸ್ಟಿಕ್ಕುಗಳನ್ನು ನೀರಿಗೆ ಎಸೆದರೆ ಪುಣ್ಯಸ್ಥಳವೇ ತಿಪ್ಪೆಯಾಗುತ್ತದೆ. ಶಾಸನದ ಮೇಲೆ ಹೆಸರು ಗೀಚಿದರೆ ಏಳುನೂರು ವರ್ಷಗಳ ಅಕ್ಷರ ಅಳಿಯುತ್ತದೆ. ಹೊಳೆಯೇ ಕೆಟ್ಟ ಮೇಲೆ ಅತಿಥಿಗಳಿಗೆ ಏನನ್ನು ತೋರಿಸುವುದು?

ವಿದ್ಯಾರ್ಥಿಗಳೇ, ನಿಮ್ಮೂರ ಬಂಡೆಗೆ, ಮಡುವಿಗೆ, ಹಾಳು ಗುಡಿಗೆ ಒಂದೊಂದು ಹೆಸರಿರುತ್ತದೆ. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಅವರನ್ನು ಕೇಳಿ ಬರೆದಿಡಿರಿ. ಹೆಸರು ತಿಳಿದ ವಸ್ತುವನ್ನು ಹಾಳುಗೆಡವಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.