ಅಂಡರ್‌ಆರ್ಮ್ ಎಸೆದರೆ ಭುಜಕ್ಕೇನೂ ಆಗದೇ?

ಅಮೆರಿಕದಲ್ಲಿ ಹೆಣ್ಣುಮಕ್ಕಳು ಆಡುವ ಸಾಫ್ಟ್‌ಬಾಲ್‌ನ ಸುತ್ತ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಬೇಸ್‌ಬಾಲ್ ಪಿಚರ್ ತೋಳನ್ನು ತಲೆಯ ಮೇಲಿಂದ ಬೀಸುತ್ತಾನೆ, ಅದಕ್ಕೇ ಅವನ ಭುಜ, ಮೊಣಕೈ ಹಾಳಾಗುತ್ತವೆ. ಸಾಫ್ಟ್‌ಬಾಲ್ ಪಿಚರ್ ಕೆಳಗಿನಿಂದ ಎಸೆಯುತ್ತಾಳೆ, ಅದು ದೇಹಕ್ಕೆ ಸಹಜ, ಎಷ್ಟು ಎಸೆದರೂ ತೊಂದರೆಯಿಲ್ಲ ಎನ್ನುವ ನಂಬಿಕೆ ಅದು. ಅಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಈ ಮಾತು ಇನ್ನೂ ಬೇಗ ಒಪ್ಪಿಗೆಯಾದೀತು. ಅಂಡರ್‌ಆರ್ಮ್ ಎಂದರೆ ನಮಗೆ ನೆನಪಾಗುವುದು ಗಲ್ಲಿ ಕ್ರಿಕೆಟ್‌ನಲ್ಲಿ ಚಿಕ್ಕವರಿಗೆ ಹಾಕುವ ಮೆತ್ತಗಿನ ಚೆಂಡು, ಇಲ್ಲವೇ 1981ರಲ್ಲಿ ಮೆಲ್ಬರ್ನ್‌ನಲ್ಲಿ ಕ್ರಿಕೆಟಿಗ ಟ್ರೆವರ್ ಚಾಪೆಲ್ ನೆಲದ ಮೇಲೆ ಉರುಳಿಸಿದ ಚೆಂಡು. ಅದರಲ್ಲಿ ಭುಜಕ್ಕೇನು ಕಷ್ಟ?

ಹೀಗೆ ನಂಬಿದವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಇದು ಅರ್ಧ ಸತ್ಯ. ಬಿಟ್ಟುಹೋದ ಅರ್ಧದ ಬೆಲೆಯನ್ನು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದ ಹುಡುಗಿಯರು ತೆರುತ್ತಾರೆ. ಹುಡುಗರ ಎಸೆತಗಳಿಗೆ ಇರುವ ಲೆಕ್ಕ ಮತ್ತು ಮಿತಿ ಈ ಹುಡುಗಿಯರಿಗೂ ಬೇಕು.

ನಂಬಿಕೆಯಲ್ಲಿ ನಿಜವಿರುವ ಭಾಗವನ್ನು ಮೊದಲು ಒಪ್ಪಿಬಿಡೋಣ. ತಲೆಯ ಮೇಲಿಂದ ಎಸೆಯುವಾಗ ಮೊಣಕೈಯ ಒಳಬದಿಯ ಅಸ್ಥಿರಜ್ಜುವಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಆ ಅಸ್ಥಿರಜ್ಜುವಿಗೆ ಮಾಡಿದ ಶಸ್ತ್ರಚಿಕಿತ್ಸೆ ಇಂದು ಬೇಸ್‌ಬಾಲ್‌ನ ದಿನನಿತ್ಯದ ಮಾತಾಗಿದೆ. ಸಾಫ್ಟ್‌ಬಾಲ್ ಪಿಚರ್‌ಗಳಲ್ಲಿ ಆ ಗಾಯ ಅಷ್ಟಾಗಿ ಕಾಣುವುದಿಲ್ಲ. ಇನ್ನೂ ಒಂದು ಅನುಕೂಲವಿದೆ. ಚೆಂಡು ಬಿಡುವ ಹೊತ್ತಿಗೆ ಮುಂಗೈ ಸೊಂಟದ ಪಕ್ಕಕ್ಕೆ ಸವರಿಕೊಂಡು ಹೋಗುವುದರಿಂದ ತೋಳಿನ ವೇಗ ಸ್ವಲ್ಪ ಅಲ್ಲಿಯೇ ಇಳಿಯುತ್ತದೆ. ಇವೆಲ್ಲ ನಿಜ. ಆದರೆ ಮೊಣಕೈ ಉಳಿಯಿತೆಂದರೆ ಭುಜವೂ ಉಳಿಯಿತು ಎಂದು ತೀರ್ಮಾನಿಸಲಾಗದು.

ಎಸೆತವನ್ನೇ ಹತ್ತಿರದಿಂದ ನೋಡೋಣ. ಹುಡುಗಿ ಹಿಂಗಾಲಿನಿಂದ ನೆಲವನ್ನು ಒದ್ದು ಮುಂದಕ್ಕೆ ಜಿಗಿಯುತ್ತಾಳೆ. ತೋಳು ಮುಂದಿನಿಂದ ಮೇಲೇರಿ, ತಲೆಯ ಮೇಲೆ ನೆಟ್ಟಗಾಗಿ, ಹಿಂದಿನಿಂದ ಕೆಳಕ್ಕೆ ಬೀಸುತ್ತದೆ. ಅಷ್ಟರಲ್ಲಿ ಮುಂಗಾಲು ನೆಲಕ್ಕೂರಿ ದೇಹವನ್ನು ತಡೆದು ನಿಲ್ಲಿಸುತ್ತದೆ. ಓಡುತ್ತಿದ್ದ ದೇಹದ ಬಲವೆಲ್ಲ ಸೊಂಟ, ಬೆನ್ನುಗಳ ಮೂಲಕ ತೋಳಿಗೆ ಹರಿಯುತ್ತದೆ. ಕವಣೆ ಬೀಸಿದವರಿಗೆ ಗೊತ್ತು, ಕಲ್ಲು ಸುತ್ತುವಾಗ ಹಗ್ಗ ಬೆರಳನ್ನು ಹೇಗೆ ಜಗ್ಗುತ್ತದೆಂದು. ಇಲ್ಲಿ ತೋಳೇ ಹಗ್ಗ, ಭುಜದ ಕೀಲೇ ಬೆರಳು. ತೋಳು ಕೆಳಗಿಳಿಯುವ ಆ ಗಳಿಗೆಯಲ್ಲಿ ತೋಳಿನ ಮೂಳೆಯನ್ನು ಕೀಲಿನ ಗುಳಿಯಿಂದ ಹೊರಗೆಳೆಯುವ ಸೆಳೆತ ಹುಟ್ಟುತ್ತದೆ. ಅದನ್ನು ಹಿಡಿದಿಡುವವರಲ್ಲಿ ಮುಖ್ಯವಾದದ್ದು ರಟ್ಟೆಯ ಮುಂಬದಿಯ ಬೈಸೆಪ್ಸ್. ಅದರ ಒಂದು ತುದಿ ಭುಜದ ಗುಳಿಯ ಅಂಚಿಗೆ, ಇನ್ನೊಂದು ಮೊಣಕೈ ಕೆಳಗೆ ಅಂಟಿಕೊಂಡಿದೆ. ಹಾಗಾಗಿ ಒಂದೇ ಕ್ಷಣದಲ್ಲಿ ಅದು ಭುಜ ಜಾರದಂತೆಯೂ ನೋಡಬೇಕು, ಮೊಣಕೈ ಸಡಿಲವಾಗಿ ಬಿಚ್ಚಿಕೊಳ್ಳದಂತೆಯೂ ತಡೆಯಬೇಕು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ನೋಡಿತು. ತಲೆಯ ಮೇಲಿಂದ ಎಸೆಯುವಾಗ ದುಡಿಯುವುದಕ್ಕಿಂತ ಗಾಳಿಗಿರಣಿಯಂತೆ ತೋಳು ಸುತ್ತುವ ಈ ‘ವಿಂಡ್‌ಮಿಲ್’ ಎಸೆತದಲ್ಲಿ ಬೈಸೆಪ್ಸ್ ಹೆಚ್ಚು ದುಡಿಯುತ್ತದೆ ಎಂದು ಅದು ಕಂಡುಕೊಂಡಿತು. ಸಾಫ್ಟ್‌ಬಾಲ್ ಹುಡುಗಿಯರು ಭುಜದ ಮುಂಬದಿಗೇ ಕೈಯಿಟ್ಟು ನೋವು ತೋರಿಸುವುದು ಸುಮ್ಮನೆ ಅಲ್ಲ.

ಎಳೆಯ ಪಿಚರ್‌ಗಳ ಮೇಲೆ 2005ರಲ್ಲಿ ಬಂದ ಅಧ್ಯಯನ 53 ಹುಡುಗಿಯರ ಎಸೆತಗಳನ್ನು ಅಳೆಯಿತು. ಭುಜದ ಕೀಲನ್ನು ಹೊರಗೆಳೆಯುವ ಸೆಳೆತ ಅವರ ದೇಹತೂಕದ ಸುಮಾರು ಶೇ 94ರಷ್ಟಿತ್ತು. ಅಂದರೆ 40 ಕೆ.ಜಿ. ತೂಕದ ಹುಡುಗಿ ಪೂರ್ಣ ವೇಗದಲ್ಲಿ ಎಸೆದಾಗಲೆಲ್ಲ ಅವಳ ಭುಜವನ್ನು ಹತ್ತಿರಹತ್ತಿರ 38 ಕೆ.ಜಿ. ಭಾರ ಜಗ್ಗುತ್ತದೆ. ಬೇಸ್‌ಬಾಲ್ ಪಿಚರ್‌ಗಳಲ್ಲಿ ಕಂಡ ಸೆಳೆತಕ್ಕೆ ಇದು ಸರಿಸುಮಾರು ಹೊಂದುತ್ತದೆ. ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಪದರವಿರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ತೋಳಿನ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ಶೇ 80ರಷ್ಟು ನಡೆಯುವುದು ಭುಜದ ಕಡೆಯ ಪದರದಲ್ಲೇ. ಸುತ್ತಲಿನ ಅಸ್ಥಿರಜ್ಜುಗಳಿಗಿಂತ ದುರ್ಬಲವಾದ ಈ ಭಾಗದ ಮೇಲೆಯೇ ಪ್ರತಿ ಎಸೆತದ ಭಾರ ಬೀಳುತ್ತದೆ.

ಇಲ್ಲಿ ಕೋಚ್‌ಗಳು ಒಂದು ಆಕ್ಷೇಪ ಎತ್ತುತ್ತಾರೆ, ಅದರಲ್ಲಿ ತೂಕವಿದೆ: ನೋವು ಬರುವುದು ಎಸೆಯುವ ರೀತಿ ತಪ್ಪಿದಾಗ, ರೀತಿ ಸರಿಪಡಿಸಿದರೆ ಸಾಕು. ಯಾವ ರೀತಿ ಸರಿ ಎಂಬ ಬಗ್ಗೆ ಅವರಲ್ಲೇ ಎರಡು ಪಂಗಡಗಳಿವೆ. ಚೆಂಡು ಬಿಟ್ಟ ಮೇಲೆ ಮೊಣಕೈಯನ್ನು ಮೇಲೆತ್ತಿ ಕ್ಯಾಚರ್ ಕಡೆಗೆ ತೋರಿಸಬೇಕು ಎನ್ನುವ ‘ಹಲೋ ಎಲ್ಬೋ’ ಪಂಗಡ ಒಂದು. ತೋಳು ತಾನಾಗಿ ಒಳಮುಖವಾಗಿ ಹೊರಳಿ, ಸೊಂಟಕ್ಕೆ ಸವರಿಕೊಂಡು, ಸಡಿಲವಾಗಿ ಹೋಗಲಿ ಎನ್ನುವ ಪಂಗಡ ಇನ್ನೊಂದು. ಒಳ್ಳೆಯ ಪಿಚರ್‌ಗಳ ಎಸೆತವನ್ನು ನಿಧಾನಗತಿಯ ವಿಡಿಯೊದಲ್ಲಿ ನೋಡಿದರೆ ಎರಡನೆಯವರ ಮಾತೇ ಸರಿ ಎನಿಸುತ್ತದೆ. ಕಾಲು, ಸೊಂಟಗಳ ಬಲ ಕಡಿಮೆಯಾದಾಗ ಆ ಕೊರತೆಯನ್ನು ಭುಜವೇ ತುಂಬಬೇಕಾಗುತ್ತದೆ ಎಂಬುದೂ ಸರಿಯೇ. ಒಳ್ಳೆಯ ರೀತಿ ಬೇಡವೆಂದು ಯಾರೂ ಹೇಳಲಾರರು.

ಆದರೆ ರೀತಿಯೊಂದೇ ಸಾಕೇ? ಸಾಫ್ಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ. ಅಲ್ಲಿ ಎಸೆದ ಜಗತ್ತಿನ ಅತ್ಯುತ್ತಮ ಪಿಚರ್‌ಗಳನ್ನೂ ಸಂಶೋಧಕರು ಅಳೆದರು. ಅವರ ಭುಜದ ಮೇಲಿನ ಸೆಳೆತ ದೇಹತೂಕದ ಶೇ 80ರಷ್ಟಿತ್ತು. ಎರಡು ಬೇರೆ ಅಧ್ಯಯನಗಳ ಅಂಕಿಗಳನ್ನು ನೇರವಾಗಿ ಹೋಲಿಸಬಾರದು, ನಿಜ. ಆದರೂ ಒಂದು ಮಾತು ಸ್ಪಷ್ಟ: ಪಳಗಿದ, ಬಲಿತ, ಜಗತ್ತು ಮೆಚ್ಚಿದ ತೋಳಿಗೂ ಆ ಸೆಳೆತ ತಪ್ಪಲಿಲ್ಲ. ಒಳ್ಳೆಯ ರೀತಿ ಭಾರವನ್ನು ಇಳಿಸಬಹುದು, ಇಲ್ಲವಾಗಿಸಲಾರದು. ಉಳಿದ ಭಾರವನ್ನು ಗುಣಿಸುವುದು ಎಸೆತಗಳ ಸಂಖ್ಯೆ. ದಣಿದ ಹುಡುಗಿಯ ರೀತಿ ಕೆಡುವುದೂ ಆ ಸಂಖ್ಯೆ ಏರಿದಾಗಲೇ. ಟೂರ್ನಿಯಲ್ಲಿ ಸತತ ದಿನಗಳಲ್ಲಿ ಎಸೆದ ಹುಡುಗಿಯರ ಭುಜಬಲ ದಿನದಿಂದ ದಿನಕ್ಕೆ ಕುಗ್ಗಿ ನೋವು ಹೆಚ್ಚುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿದೆ.

ಹೆಚ್ಚು ಎಸೆದರೂ ಏನಾಗುವುದಿಲ್ಲ ಎನ್ನುವವರು ಜಪಾನಿನ ಯುಕಿಕೊ ಉಎನೊ ಅವರ ಹೆಸರು ಹೇಳಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನಗಳಲ್ಲಿ ಮೂರು ಪಂದ್ಯ, 413 ಎಸೆತ, ಕೊನೆಗೆ ಅಮೆರಿಕವನ್ನು ಸೋಲಿಸಿ ಚಿನ್ನ. 2021ರಲ್ಲಿ ಟೋಕಿಯೊದಲ್ಲಿ 39ರ ವಯಸ್ಸಿನಲ್ಲಿ ಮತ್ತೆ ಚಿನ್ನ. ತಲೆಬಾಗಬೇಕಾದ ಸಾಧನೆ. ಆದರೆ ಬೀಜಿಂಗ್‌ನಲ್ಲಿ ಅವರಿಗೆ 26 ವರ್ಷ, ಮೂಳೆ ಬೆಳೆದು ನಿಂತಿತ್ತು, ಅದು ಜೀವನದ ದೊಡ್ಡ ಪಂದ್ಯವಾಗಿತ್ತು. ಈಗ ಮಕ್ಕಳ ಲೆಕ್ಕ ಹಾಕಿ ನೋಡಿ. ಇನಿಂಗ್ಸ್‌ಗೆ 15 ಎಸೆತ ಎಂದಿಟ್ಟುಕೊಂಡರೆ ಏಳು ಇನಿಂಗ್ಸ್‌ನ ಒಂದು ಆಟಕ್ಕೆ 105. ಶನಿವಾರ ಎರಡು ಆಟ, ಭಾನುವಾರ ಎರಡು ಆಟ ಒಬ್ಬಳೇ ಎಸೆದರೆ 420. ಸಮಯದ ಮಿತಿಯಿಂದ ಆಟ ಐದೇ ಇನಿಂಗ್ಸ್‌ಗೆ ಮುಗಿದರೂ 300. ಒಲಿಂಪಿಕ್ಸ್‌ನಲ್ಲಿ ಇಡೀ ಜಪಾನ್ ಬೆರಗಾಗಿ ನೋಡಿದ್ದನ್ನು ನಾವು ಶಾಲೆಯ ಹುಡುಗಿಯಿಂದ ಒಂದು ಮಾಮೂಲಿ ವಾರಾಂತ್ಯಕ್ಕೆ ಕೇಳುತ್ತಿದ್ದೇವೆ. ಸಾಧಕಿಯೊಬ್ಬಳು ತಾಳಿಕೊಂಡದ್ದನ್ನು ಎಲ್ಲ ಮಕ್ಕಳ ಅಳತೆಗೋಲು ಮಾಡುವುದು ನ್ಯಾಯವಲ್ಲ. ತಾಳಲಾರದೆ ಆಟ ಬಿಟ್ಟವರ ಹೆಸರನ್ನು ಯಾರೂ ನೆನಪಿಡುವುದಿಲ್ಲ. 1989ರಲ್ಲಿ ಅಮೆರಿಕದ ಅಗ್ರ ಕಾಲೇಜು ತಂಡಗಳ 24 ಪಿಚರ್‌ಗಳನ್ನು ವಿಚಾರಿಸಿದಾಗ 20 ಮಂದಿಗೆ ಒಂದಲ್ಲ ಒಂದು ಗಾಯವಾಗಿತ್ತು, ಹೆಚ್ಚಿನವು ಭುಜ, ತೋಳುಗಳದ್ದೇ.

ಇಷ್ಟು ಗೊತ್ತಿದ್ದೂ ನಿಯಮಗಳು ಹೇಗಿವೆ? ಲಿಟ್ಲ್ ಲೀಗ್ ಸಂಸ್ಥೆ ಬೇಸ್‌ಬಾಲ್ ಹುಡುಗರಿಗೆ 2007ರಿಂದ ಎಸೆತಗಳ ಮಿತಿ ಹಾಕಿದೆ. 11–12 ವರ್ಷದವರಿಗೆ ದಿನಕ್ಕೆ 85. ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಪ್ರತಿ ರಾಜ್ಯವೂ ಇಂಥ ಮಿತಿ ತರಬೇಕೆಂದು 2017ರಲ್ಲಿ ಕಡ್ಡಾಯವಾಯಿತು. ಸಾಫ್ಟ್‌ಬಾಲ್‌ಗೆ ಆ ಕಡ್ಡಾಯ ಬರಲಿಲ್ಲ. ಮಿತಿ ಇದ್ದಲ್ಲೂ ಸಾಮಾನ್ಯವಾಗಿ ಇನಿಂಗ್ಸ್ ಲೆಕ್ಕ. ಒಂದು ಇನಿಂಗ್ಸ್ ಎಂಟು ಎಸೆತಕ್ಕೂ ಮುಗಿಯಬಹುದು, ಮೂವತ್ತೈದಕ್ಕೂ ಮುಗಿಯದಿರಬಹುದು. ಭುಜ ಎಣಿಸುವುದು ಎಸೆತಗಳನ್ನು, ಇನಿಂಗ್ಸ್‌ಗಳನ್ನಲ್ಲ. ಎಳೆಯ ವೇಗದ ಬೌಲರ್‌ಗಳಿಗೆ ಓವರುಗಳ ಮಿತಿ ಬೇಕೆಂದು ಇಂಗ್ಲೆಂಡಿನ ಕ್ರಿಕೆಟ್ ಆಡಳಿತ ಒಪ್ಪಿಕೊಂಡು ವರ್ಷಗಳಾದವು. ಹುಡುಗಿಯರ ಆಟವೊಂದೇ ಯಾಕೆ ಹಳೆಯ ನಂಬಿಕೆಯ ಮೇಲೆ ನಡೆಯಬೇಕು?

ತಂಡದಲ್ಲಿ ಒಬ್ಬಳೇ ಒಳ್ಳೆಯ ಪಿಚರ್ ಇರುವಾಗ ಮಿತಿ ಹಾಕಿದರೆ ಸೋಲು ಖಚಿತ ಎಂಬ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಎರಡನೆಯವಳು ತಯಾರಾಗದಿರುವುದಕ್ಕೆ ಕಾರಣ ಮೊದಲನೆಯವಳಿಂದಲೇ ಎಲ್ಲವನ್ನೂ ಎಸೆಸುವುದು. ಮಿತಿ ಬಂದರೆ ಇನ್ನಿಬ್ಬರಿಗೆ ಅವಕಾಶ ಸಿಗುತ್ತದೆ, ಕೋಚ್‌ಗೂ ಕಲಿಸುವ ಒತ್ತಾಯ ಬರುತ್ತದೆ.

ನಿಯಮ ಬರುವತನಕ ಕಾಯಬೇಕಾಗಿಯೂ ಇಲ್ಲ. ಅಮೆರಿಕದ ಕ್ರೀಡಾವೈದ್ಯರ ಸಂಘಟನೆಯ ಅಭಿಯಾನವೊಂದು ಸಾಫ್ಟ್‌ಬಾಲ್‌ಗೂ ಸಲಹೆ ಕೊಟ್ಟಿದೆ: 10–12 ವರ್ಷದವರಿಗೆ ಒಂದು ಆಟಕ್ಕೆ 65, ದಿನಕ್ಕೆ 95 ಎಸೆತ. ಅಪ್ಪನೋ ಅಮ್ಮನೋ ಗ್ಯಾಲರಿಯಲ್ಲಿ ಕೂತು ಎಣಿಸಬಹುದು. ವಾರ್ಮ್‌ಅಪ್ ಮತ್ತು ಅಭ್ಯಾಸದ ಎಸೆತಗಳನ್ನೂ ಸೇರಿಸಿ ಬರೆದಿಡಬಹುದು. ಭುಜದ ಮುಂಬದಿ ನೋಯುತ್ತದೆ ಎಂದು ಮಗಳು ಹೇಳಿದ ದಿನ ಎಸೆತ ನಿಲ್ಲಬೇಕು, ಸ್ಕೋರ್ ಎಷ್ಟಿದ್ದರೂ. ವರ್ಷದಲ್ಲಿ ಕೆಲವು ತಿಂಗಳು ಆ ತೋಳಿಗೆ ಬೇರೆ ಆಟ ಸಿಗಬೇಕು. ಎಸೆಯುವ ರೀತಿಯ ಬಗ್ಗೆ ಕೋಚ್ ಜೊತೆ ವಾದಿಸುವಷ್ಟು ಪರಿಣತಿ ಪ್ರತಿ ಪಾಲಕರಿಗೂ ಇರಬೇಕಿಲ್ಲ. ಇವತ್ತು ಎಷ್ಟು ಎಸೆದಳು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡುವ ತಂಡಕ್ಕೆ ಮಗಳನ್ನು ಸೇರಿಸಿ, ಕೊಡಲಾಗದ ತಂಡವನ್ನು ಕೇಳುತ್ತಲೇ ಇರಿ.