‘ಒಂದರಲ್ಲೇ ಇಟ್ಟಿದೀನಿ ಅಂಕಲ್!’

ಸಂಜೆ ಏಳೂವರೆ. ಮೈಸೂರಿನ ಕುವೆಂಪುನಗರವೋ, ಸರಸ್ವತಿಪುರವೋ, ರಾಜೇಂದ್ರನಗರವೋ, ಬಡಾವಣೆಯ ಹೆಸರು ಯಾವುದಾದರೂ ಇರಲಿ. ಕೆಳಗಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿ ಗಣಿತದ ಪುಸ್ತಕ ಬಿಚ್ಚಿ ಕೂತಿದ್ದಾಳೆ. ಪಕ್ಕದ ಮನೆಯಲ್ಲಿ ಬಿ.ಪಿ. ಇರುವ ಹಿರಿಯರೊಬ್ಬರು ಮಾತ್ರೆ ನುಂಗಿ ಒರಗಿದ್ದಾರೆ. ಮಹಡಿ ಮನೆಯ ಹುಡುಗ ಕಾಲೇಜಿನಿಂದ ಬಂದವನೇ ಗಿಟಾರಿಗೆ ವೈರು ಸಿಕ್ಕಿಸಿ ಆಂಪ್ಲಿಫೈಯರ್ ಹಾಕುತ್ತಾನೆ. ಒಂದೇ ಒಂದು ಮೀಟು. ಕೆಳಮನೆಯ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳು ಝಣಝಣ!

‘ಏನಪ್ಪಾ, ಸ್ವಲ್ಪ ಕಮ್ಮಿ ಮಾಡ್ಬಾರ್ದಾ? ಮನುಷ್ಯರು ಇರೋ ಜಾಗ ಇದು!’

‘ಒಂದರಲ್ಲೇ ಇಟ್ಟಿದೀನಿ ಅಂಕಲ್. ಇನ್ನೂ ಕಮ್ಮಿ ಮಾಡಿದ್ರೆ ಗಿಟಾರ್ ಥರಾನೇ ಕೇಳ್ಸಲ್ಲ!’

ಹಿರಿಯರಿಗೆ ಇದು ಶುದ್ಧ ಉಡಾಫೆ. ಹುಡುಗನಿಗೆ ಅದು ಹಳೇ ಕಾಲದವರ ಕಿರಿಕಿರಿ. ಮಾತಿಗೆ ಮಾತು ಬೆಳೆದು ಓನರಮ್ಮನವರೆಗೆ, ಅಲ್ಲಿಂದ ಠಾಣೆಯವರೆಗೆ ಹೋದರೂ ಆಶ್ಚರ್ಯವಿಲ್ಲ. ಸ್ವಾರಸ್ಯವೇನೆಂದರೆ ಈ ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹುಡುಗ ನಿಜವಾಗಿಯೂ ಒಂದರಲ್ಲೇ ಇಟ್ಟಿದ್ದಾನೆ. ತಟ್ಟೆಗಳೂ ನಿಜವಾಗಿಯೇ ಅಲುಗಿವೆ. ತಪ್ಪಿರುವುದು ಆ ಪೆಟ್ಟಿಗೆ ಆ ಮನೆಗೆ ಬಂದದ್ದರಲ್ಲಿ.

ವಾಟ್ ಲೆಕ್ಕದ ಮೋಸ

ನೂರು ವಾಟಿನ ಗಿಟಾರ್ ಆಂಪ್ಲಿಫೈಯರ್ ಹುಟ್ಟಿದ್ದು ಮನೆಗಾಗಿ ಅಲ್ಲವೇ ಅಲ್ಲ. 1962ರಲ್ಲಿ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ತಮ್ಮ ಆಂಪ್ಲಿಫೈಯರ್ ಮಾರತೊಡಗಿದರು. ‘ದಿ ಹೂ’ ತಂಡದ ಪೀಟ್ ಟೌನ್ಷೆಂಡ್ ಇನ್ನೂ ಜೋರು ಬೇಕು ಎಂದು ಪಟ್ಟು ಹಿಡಿದರು. 1965ರ ಹೊತ್ತಿಗೆ ನೂರು ವಾಟಿನದು ತಯಾರಾಯಿತು. ಆಗ ಸಭಾಂಗಣಗಳ ಧ್ವನಿವರ್ಧಕಗಳು ಹಾಡುಗಾರನ ದನಿಯನ್ನು ಮುಟ್ಟಿಸುವುದೇ ಕಷ್ಟವಿತ್ತು. ಡ್ರಮ್ಮಿನ ಸದ್ದನ್ನೂ ಮೀರಿ ಸಾವಿರಾರು ಜನರಿಗೆ ಗಿಟಾರ್ ಕೇಳಿಸಬೇಕಾದರೆ ಆ ಪೆಟ್ಟಿಗೆಯೇ ಕೂಗಬೇಕಾಗಿತ್ತು. ಇವತ್ತು ದೊಡ್ಡ ವೇದಿಕೆಯಲ್ಲೂ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟುಬಿಡುತ್ತಾರೆ, ಅಷ್ಟು ಕೂಗುವ ಅಗತ್ಯ ಅಲ್ಲೂ ಉಳಿದಿಲ್ಲ. ವೇದಿಕೆಗೇ ಹೆಚ್ಚಾದದ್ದು ಹತ್ತಡಿ ಹನ್ನೆರಡಡಿ ಕೋಣೆಗೆ ಬಂದು ಕೂತರೆ ಗತಿ ಏನು?

‘ನೂರು ವಾಟ್ ಬೇಡ, ಐವತ್ತು ವಾಟ್ ತಗೊಳ್ಳಿ, ಅರ್ಧ ಸದ್ದು’ ಎಂದು ಬುದ್ಧಿ ಹೇಳುವವರಿದ್ದಾರೆ. ಇಲ್ಲೇ ಇರುವುದು ಮೋಸ. ವಾಟ್ ಅರ್ಧವಾದರೆ ಸದ್ದು ಇಳಿಯುವುದು ಬರೀ 3 ಡೆಸಿಬಲ್. ಕಿವಿಗೆ ಅದು ‘ಸ್ವಲ್ಪ ಕಮ್ಮಿಯಾಯ್ತೇನೋ’ ಅನ್ನುವಷ್ಟು ಮಾತ್ರ. ಸದ್ದು ಅರ್ಧವಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ ವಾಟ್ ಹತ್ತರಲ್ಲೊಂದು ಪಾಲಾಗಬೇಕು. ನೂರು ವಾಟಿನ ಅರ್ಧ ಹತ್ತು ವಾಟ್! ಅದರ ಅರ್ಧ ಒಂದೇ ವಾಟ್.

ಆ ಒಂದು ವಾಟ್ ಸಾಮಾನ್ಯವೇ? ಹನ್ನೆರಡು ಇಂಚಿನ ಗಿಟಾರ್ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಆಸುಪಾಸು ಸದ್ದು ಬರುತ್ತದೆ. ಬಲ್ಬು ಕೂಡ ಉರಿಯದಷ್ಟು ವಿದ್ಯುತ್ತಿನಲ್ಲಿ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ‘ಒಂದರಲ್ಲೇ ಇಟ್ಟಿದೀನಿ’ ಎಂಬ ಮಾತಿನ ಒಳಗುಟ್ಟು ಇದು.

ಯಾಕೆ ಕಮ್ಮಿ ಮಾಡುವುದಿಲ್ಲ?

ಹುಡುಗರದು ಬರೀ ಹಟ ಎಂದು ತಳ್ಳಿಹಾಕುವಂತಿಲ್ಲ. ಹಳೇ ವಾಲ್ವ್ ರೇಡಿಯೋ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿಟಾರ್ ಲೋಕದಲ್ಲಿ ಇಂದಿಗೂ ವಾಲ್ವ್ ಆಂಪ್ಲಿಫೈಯರಿಗೆ ಬೆಲೆ. ಅದರ ವಾಲ್ವ್‌ಗಳು ಸುಸ್ತಾಗುವಷ್ಟು ದುಡಿದಾಗ ನಾದ ಸ್ವಲ್ಪ ಒಡೆದು, ಗೊಗ್ಗರಾಗಿ, ತುಂಬಿಕೊಂಡು ಬರುತ್ತದೆ. ರಾಕ್ ಗಿಟಾರಿನ ಜೀವ ಇರುವುದೇ ಆ ಒಡಕಿನಲ್ಲಿ. ನಾಬ್ ಕೆಳಗಿಳಿಸಿದರೆ ಒಡಕು ಹೋಗಿ ಪೇಲವ ದನಿ ಉಳಿಯುತ್ತದೆ.

ಕಿವಿಯೂ ಆಟವಾಡುತ್ತದೆ. 1933ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು: ಸದ್ದು ಸಣ್ಣದಾದಂತೆ ತಗ್ಗು ಸ್ವರಗಳು ಕಿವಿಗೆ ಬೇಗ ಮಾಯವಾಗುತ್ತವೆ. ಅದಕ್ಕೇ ಸಣ್ಣಗೆ ನುಡಿಸಿದಾಗ ಗಿಟಾರ್ ತೆಳ್ಳಗೆ ಕೇಳುತ್ತದೆ. ಹುಡುಗ ಬೇಸ್ ನಾಬ್ ತಿರುಗಿಸುವ ಬದಲು ವಾಲ್ಯೂಮ್ ತಿರುಗಿಸುತ್ತಾನೆ. ರಗಳೆ ಅಲ್ಲಿಂದ ಶುರು.

ಮೊಟ್ಟೆ ಟ್ರೇ ಮಹಾತ್ಮೆ

ಇನ್ನು ಮನೆಮದ್ದುಗಳ ಕಥೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ ಎಲ್ಲ ಊರಲ್ಲೂ ಇದೆ. ಟ್ರೇ ಆಗಲಿ, ಸ್ಪಂಜಿನ ಹಾಳೆಯಾಗಲಿ ಕೋಣೆಯೊಳಗಿನ ಪ್ರತಿಧ್ವನಿಯನ್ನು ಅಷ್ಟಿಷ್ಟು ಕುಗ್ಗಿಸಬಹುದೇ ಹೊರತು ಸದ್ದನ್ನು ಒಳಗೇ ಹಿಡಿದಿಡಲಾರವು. ಸದ್ದು ತಡೆಯುವುದು ಭಾರ. ಗಾರೆ ಮೆತ್ತಿದ ಇಟ್ಟಿಗೆ ಗೋಡೆಗೆ ಆ ಶಕ್ತಿ ಇದೆ, ಮೊಟ್ಟೆ ಟ್ರೇಗೆ ಇಲ್ಲ.

ಹಾಗಾದರೆ ಇಟ್ಟಿಗೆ ಗೋಡೆಯ ಮನೆಯಿಂದ ಸದ್ದು ಹೊರಬೀಳುವುದು ಎಲ್ಲಿಂದ? ಕಿಟಕಿ, ಬಾಗಿಲ ಸಂದು, ಸದಾ ಬಾಯಿ ತೆರೆದುಕೊಂಡಿರುವ ವೆಂಟಿಲೇಟರ್. ಗೋಡೆಯ ನೂರರಲ್ಲೊಂದು ಪಾಲು ತೆರೆದಿದ್ದರೂ ಸಾಕು, ಗೋಡೆ ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಕೋಟೆ ಕಟ್ಟಿ ದಿಡ್ಡಿ ಬಾಗಿಲು ತೆರೆದಿಟ್ಟ ಹಾಗೆ. ಪೆಟ್ಟಿಗೆಯನ್ನು ನೇರ ನೆಲದ ಮೇಲಿಟ್ಟರೆ ಇನ್ನೊಂದು ಪೀಡೆ: ಅದರ ನಡುಕ ತಾರಸಿಗೆ ಇಳಿದು ಕೆಳಮನೆಯವರಿಗೆ ಧಡಧಡ ಎಂದು ತಲುಪುತ್ತದೆ.

ದಾರಿ ಇಲ್ಲದಿಲ್ಲ

ಗಿಟಾರ್ ಬಿಡಬೇಕಾಗಿಲ್ಲ, ನೆರೆಯವರು ಮನೆ ಖಾಲಿ ಮಾಡಬೇಕಾಗಿಯೂ ಇಲ್ಲ. ಉಪಾಯಗಳು ಹೊಸವೇನಲ್ಲ.

ಅಮೆರಿಕದ ‘ಬೋಸ್ಟನ್’ ತಂಡದ ಟಾಮ್ ಷೋಲ್ಜ್ ಓದಿದ್ದು ಎಂಜಿನಿಯರಿಂಗ್, ತಂಡದ ಹಾಡುಗಳ ಬಹುಪಾಲು ಕೆಲಸ ಮಾಡಿಕೊಂಡದ್ದು ಮನೆಯ ನೆಲಮಾಳಿಗೆಯಲ್ಲಿ. 1980ರ ದಶಕದ ಆರಂಭದಲ್ಲಿ ಅವರು ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸುವ ‘ಪವರ್ ಸೋಕ್’ ಎಂಬ ಪೆಟ್ಟಿಗೆ ಮಾರಿದರು. ವಾಲ್ವ್‌ಗಳು ಪೂರ್ತಿ ದುಡಿಯುತ್ತವೆ, ಬಂದ ಶಕ್ತಿಯ ಬಹುಪಾಲನ್ನು ಈ ಪೆಟ್ಟಿಗೆ ಶಾಖ ಮಾಡಿ ಕಳೆಯುತ್ತದೆ, ಸ್ಪೀಕರಿಗೆ ಸಿಗುವುದು ಚೂರು. ನಾದ ಉಳಿಯಿತು, ಅಬ್ಬರ ಹೋಯಿತು. ಈಗ ಅಟೆನ್ಯುಯೇಟರ್ ಎಂಬ ಹೆಸರಿನಲ್ಲಿ ಹತ್ತಾರು ಬಗೆ ಬಂದಿವೆ. ಕೊಳ್ಳುವಾಗ ಓಮ್ ಲೆಕ್ಕ ಹೊಂದಬೇಕು, ಆಂಪ್ಲಿಫೈಯರಿನ ವಾಟ್ ತಡೆಯುವ ತಾಕತ್ತೂ ಇರಬೇಕು. ‘ಸದ್ದೇ ಬೇಡ’ ಎಂದು ವಾಲ್ವ್ ಆಂಪ್ಲಿಫೈಯರಿನ ಸ್ಪೀಕರ್ ವೈರ್ ಕಿತ್ತು ನುಡಿಸುವ ಜಾಣರಿಗೆ ಒಂದು ಎಚ್ಚರಿಕೆ: ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ಎರಡನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಎರಿಕ್ ಕ್ಲಾಪ್ಟನ್ 1970ರಲ್ಲಿ ‘ಲೈಲಾ’ ಧ್ವನಿಮುದ್ರಿಸಿದಾಗ ಬಳಸಿದ್ದು ಫೆಂಡರ್ ಚಾಂಪ್ ಎಂಬ ಪುಟ್ಟ ಪೆಟ್ಟಿಗೆ, ಐದು ವಾಟ್ ಮಟ್ಟದ್ದು. ಜಗತ್ತನ್ನೇ ಕುಣಿಸಿದ ಗಿಟಾರಿಗೆ ಅಷ್ಟು ಸಾಕಾಗಿದ್ದರೆ ಮಹಡಿ ಮನೆಗೆ ಸಾಲದೆ? ಅದೂ ಜೋರೇ, ಆದರೆ ಅದನ್ನು ಪಳಗಿಸುವುದು ಸುಲಭ.

ಮೂರನೆಯದು ಹೆಡ್‌ಫೋನ್. 1982ರಲ್ಲಿ ಇದೇ ಷೋಲ್ಜ್ ‘ರಾಕ್‌ಮ್ಯಾನ್’ ಎಂಬ ಅಂಗೈಯಗಲದ ಡಬ್ಬಿ ತಂದರು. ಗಿಟಾರಿಗೆ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳಿದರೆ ದೊಡ್ಡ ಆಂಪ್ಲಿಫೈಯರಿನ ಗತ್ತು. ಇವತ್ತಿನ ಡಿಜಿಟಲ್ ಯಂತ್ರಗಳು ಆಂಪ್ಲಿಫೈಯರ್, ಸ್ಪೀಕರ್, ಕೋಣೆಯ ಗುಂಗು ಎಲ್ಲವನ್ನೂ ಅನುಕರಿಸುತ್ತವೆ. ನಡುರಾತ್ರಿಯಲ್ಲೂ ನುಡಿಸಬಹುದು, ಗೋಡೆಯಾಚೆ ಕೇಳುವುದು ಬರೀ ತಂತಿಯ ಟಿಣಿಟಿಣಿ.

ಇಲ್ಲೂ ಹದ ಬೇಕು. ನೂರು ವಾಟ್ ಬೇಕೆಂದು ಹಟ ಹಿಡಿದ ಅದೇ ಟೌನ್ಷೆಂಡ್ ಮುಂದೆ ಕಿವಿ ಕಳೆದುಕೊಂಡರು, ಅದಕ್ಕೆ ಮುಖ್ಯ ಕಾರಣ ಸ್ಟುಡಿಯೋದಲ್ಲಿ ಹಾಕಿಕೊಂಡ ಇಯರ್‌ಫೋನ್ ಎಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದ ‘ನಿಯೋಶ್’ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಮೀರಿ ಕೇಳಬಾರದು. ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಬರೀ 15 ನಿಮಿಷ! ನೆರೆಯವರ ತಟ್ಟೆ ಅಲುಗುವ ಮೊದಲು ನುಡಿಸುವವನ ಕಿವಿ ಹೋಗುತ್ತಿರುತ್ತದೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಗಿಟಾರಿಗೆ ಸಾವಿರಗಟ್ಟಲೆ ಸುರಿಯುವ ಹುಡುಗರು ಒಮ್ಮೆ ಅಲ್ಲಿ ಕಿವಿ ತೋರಿಸಿಕೊಂಡು ಬರಲು ಯಾರ ಅಡ್ಡಿಯೂ ಇಲ್ಲ.

ಇಷ್ಟೂ ಆಗದಿದ್ದರೆ, ಕಾಸು ಖರ್ಚಿಲ್ಲದ ಕೆಲಸಗಳಿವೆ. ಪೆಟ್ಟಿಗೆಯನ್ನು ನೆಲದಿಂದೆತ್ತಿ ದಪ್ಪ ಸ್ಪಂಜಿನ ಮೇಲಿಡುವುದು. ಕಿಟಕಿ, ವೆಂಟಿಲೇಟರ್ ಮುಚ್ಚುವುದು. ಬೇಸ್ ತಗ್ಗಿಸುವುದು. ಎಲ್ಲಕ್ಕಿಂತ ಮೊದಲು ಕೆಳಗಿಳಿದು ಹೋಗಿ, ‘ಅಂಕಲ್, ಸಾಯಂಕಾಲ ಐದರಿಂದ ಆರು ನುಡಿಸ್ತೀನಿ, ಪರೀಕ್ಷೆ ಟೈಮಲ್ಲಿ ಮುಟ್ಟಲ್ಲ, ಆಗಬಹುದಾ?’ ಎಂದು ಒಂದು ಮಾತು ಕೇಳುವುದು. ಎಷ್ಟು ಹೊತ್ತು ಎಂದು ಗೊತ್ತಿರುವ ಸದ್ದನ್ನು ಜನ ಸಹಿಸುತ್ತಾರೆ. ಯಾವಾಗ ನಿಲ್ಲುತ್ತದೋ ತಿಳಿಯದ ಸದ್ದೇ ನೆತ್ತಿಗೇರುವುದು.

ಕಾನೂನು ಏನು ಹೇಳುತ್ತದೆ?

‘ನನ್ನ ಮನೆ, ನನ್ನ ಗಿಟಾರ್’ ಎಂಬ ವಾದ ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ಖಾಸಗಿ ಧ್ವನಿ ಸಾಧನದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್ಲಿಗಿಂತ ಹೆಚ್ಚು ಮೀರುವಂತಿಲ್ಲ. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳಿತು: ಸ್ವಂತ ಮನೆಯೊಳಗೇ ಇದ್ದರೂ, ಎಲ್ಲೆ ದಾಟಿ ನೆರೆಯವರನ್ನು ಪೀಡಿಸುವ ಸದ್ದು ಮಾಡುವ ಹಕ್ಕು ಯಾರಿಗೂ ಇಲ್ಲ.

ಸರಿ, ಕಾನೂನು ಡೆಸಿಬಲ್ ಲೆಕ್ಕದಲ್ಲಿ ಮಾತಾಡುತ್ತದೆ. ದೂರು ಬಂದ ಮನೆಗೆ ಹೋಗುವ ಪೇದೆಯ ಕೈಯಲ್ಲಿ ಡೆಸಿಬಲ್ ಅಳೆಯುವ ಮೀಟರ್ ಇರುತ್ತದೆಯೇ, ಲಾಠಿ ಮಾತ್ರ ಇರುತ್ತದೆಯೇ? ಅಳತೆಯಿಲ್ಲದ ಕಡೆ ಕಾನೂನು ಜೋರು ಬಾಯಿಯವರ ಪಾಲಾಗುತ್ತದೆ.

ಊರಿನ ಎರಡು ನಾಲಿಗೆ

ಗಿಟಾರ್ ಹುಡುಗನ ಮೇಲೆ ಹರಿಹಾಯುವ ಅದೇ ಬೀದಿ ಗಣಪತಿ ಪೆಂಡಾಲಿನ ಹತ್ತಡಿ ಸ್ಪೀಕರಿನ ಮುಂದೆ ಕೈಮುಗಿದು ನಿಲ್ಲುತ್ತದೆ. ಮದುವೆ ಮನೆಯ ಆರ್ಕೆಸ್ಟ್ರಾ, ಪಕ್ಷಗಳ ಪ್ರಚಾರದ ಆಟೋ, ಇವಕ್ಕೆ ‘ಕಮ್ಮಿ ಮಾಡಿ’ ಎನ್ನುವ ಎದೆ ಯಾರಿಗಿದೆ? ಹಬ್ಬಹರಿದಿನಕ್ಕೆ ರಾತ್ರಿ ಹನ್ನೆರಡರವರೆಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ನಿಯಮದಲ್ಲೇ ಅವಕಾಶವಿದೆ, ವರ್ಷಕ್ಕೆ 15 ದಿನ ಮಾತ್ರ. ಹಾಗೆಂದು ಪೆಂಡಾಲಿನ ತಪ್ಪು ಹುಡುಗನ ತಪ್ಪಿಗೆ ಪರವಾನಗಿ ಆಗುವುದಿಲ್ಲ. ಆದರೆ ಒಂಟಿ ಹುಡುಗ ಸಿಕ್ಕಿದ ಎಂದು ಎಲ್ಲ ಸಿಟ್ಟನ್ನೂ ಅವನ ಮೇಲೆ ತೀರಿಸಿಕೊಳ್ಳುವುದು ನ್ಯಾಯವೂ ಅಲ್ಲ.

ಮೈಸೂರಿಗೆ ಪಾಶ್ಚಾತ್ಯ ಸಂಗೀತ ಹೊಸದಲ್ಲ. ರಷ್ಯಾದ ಸಂಗೀತಗಾರ ಮೆಡ್ನರ್ ಇಂಗ್ಲೆಂಡಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಜಯಚಾಮರಾಜ ಒಡೆಯರು. ದಸರಾ ಬಂತೆಂದರೆ ಯುವ ಸಂಭ್ರಮ, ಯುವ ದಸರಾ ಎಂದು ಗಿಟಾರ್ ಹಿಡಿದ ಹುಡುಗರಿಗೆ ಚಪ್ಪಾಳೆಯೋ ಚಪ್ಪಾಳೆ. ಆ ಹುಡುಗರು ಉಳಿದ ಹನ್ನೊಂದು ತಿಂಗಳು ಎಲ್ಲಿ ಅಭ್ಯಾಸ ಮಾಡಬೇಕು? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕ್ರಿಕೆಟ್ ಆಡುವವನಿಗೆ ಮೈದಾನ ಇದೆ, ಕುಸ್ತಿಯವನಿಗೆ ಗರಡಿ ಇದೆ. ಗಿಟಾರಿನವನಿಗೆ, ಡ್ರಮ್ಮಿನವನಿಗೆ, ತಮಟೆ ಕಲಿಯುವವನಿಗೆ? ಮಹಾನಗರ ಪಾಲಿಕೆಯ ಸಮುದಾಯ ಭವನಗಳಲ್ಲಿ ಒಂದೊಂದು ಕೋಣೆಗೆ ಭಾರವಾದ ಬಾಗಿಲು, ಸಂದಿಲ್ಲದ ಕಿಟಕಿ ಹಾಕಿಸಿ ಸಂಜೆ ನಾಲ್ಕರಿಂದ ಎಂಟರವರೆಗೆ ಅಲ್ಪ ಬಾಡಿಗೆಗೆ ಬಿಟ್ಟರೆ ಪಾಲಿಕೆ ಮುಳುಗಿಹೋಗುವುದಿಲ್ಲ. ಕಾಲೇಜುಗಳೂ ತರಗತಿ ಮುಗಿದ ಮೇಲೆ ಒಂದು ಕೋಣೆಯ ಬೀಗ ತೆಗೆಯಬಹುದು. ಪೊಲೀಸರು ಠಾಣೆಗೊಂದು ಮೀಟರ್ ಇಟ್ಟುಕೊಂಡು, ಅದನ್ನು ಮಹಡಿ ಮನೆಗೂ ಪೆಂಡಾಲಿಗೂ ಒಂದೇ ಸಮನಾಗಿ ಹಿಡಿಯಬಹುದು.

ಅಲ್ಲಿಯವರೆಗೆ ಮಹಡಿ ಹುಡುಗ ಸಣ್ಣ ಪೆಟ್ಟಿಗೆಗೆ ಇಳಿಯಲಿ. ಕೆಳಮನೆಯ ಹಿರಿಯರು ದಿನಕ್ಕೊಂದು ಗಂಟೆ ಉದಾರವಾಗಲಿ. ಸಂಬಂಧಪಟ್ಟವರ ಕಿವಿಗೆ ಈ ಮಾತು ಬೀಳುವುದೇ? ಪೆಂಡಾಲಿನ ಉದ್ಘಾಟನೆಗೆ ಹೋಗಿ ಹೋಗಿ ಅವರ ಕಿವಿ ಇನ್ನೂ ನೆಟ್ಟಗೆ ಉಳಿದಿದ್ದರೆ ಬಿದ್ದೀತು!