ಹಸಿವಿಗೇಕೆ ಪರದೆ?

ಹಳ್ಳಿಯಿಂದ ಕಡೂರಿನ ಕಾಲೇಜಿಗೆ ಬರುವ ಹುಡುಗಿ ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ಮತ್ತೆ ಮನೆಯ ಮುದ್ದೆ ಕಾಣುವುದು ಸಂಜೆಗೆ. ನಾನೂ ಹಾಗೆ ಓದಿದವಳೇ. ಒಂದು ಮಧ್ಯಾಹ್ನ ನಾವು ನಾಲ್ವರು ಗೆಳತಿಯರು ಚಿಲ್ಲರೆ ಕೂಡಿಸಿಕೊಂಡು ಬಿ.ಎಚ್. ರಸ್ತೆಯ ಹೋಟೆಲೊಂದಕ್ಕೆ ಹೋದೆವು. ಎರಡು ಮಸಾಲೆದೋಸೆ, ಎರಡು ಬೈಟೂ ಕಾಫಿಯಷ್ಟೇ ನಮ್ಮ ಶಕ್ತಿ. ಮಾಣಿ ನಮ್ಮನ್ನು ಕಂಡವನೇ "ಫ್ಯಾಮಿಲಿ ರೂಮು ಒಳಗಿದೆ" ಎಂದ. ಜಿಡ್ಡುಗಟ್ಟಿದ ಪರದೆ, ಗಾಳಿಯಿಲ್ಲದ ಗೂಡು. ನಮ್ಮ ತರಗತಿಯ ಹುಡುಗರು ಮಾತ್ರ ಹೊರಗೆ ಫ್ಯಾನಿನ ಕೆಳಗೆ ಕೂತಿದ್ದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಹೆಣ್ಣುಮಕ್ಕಳಿಗೆ ಹೋಟೆಲಿನ ಚಪಲವೇನೇ?" ಎಂದು ಅಮ್ಮ ಗದರಿದಳು.

ಗಂಡು ತಿಂದರೆ ಹಸಿವು, ಹೆಣ್ಣು ತಿಂದರೆ ಚಪಲ! ಯಾರು ಮಾಡಿದ ನ್ಯಾಯವಿದು? ಬುತ್ತಿ ಒಯ್ಯಲಿ ಎನ್ನುತ್ತೀರಿ. ಆ ಬುತ್ತಿಗಾಗಿ ನಸುಕಿನಲ್ಲೇ ಏಳುವವಳೂ ಹೆಣ್ಣೇ ಅಲ್ಲವೇ?

2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ನಮಗೆ ಉಚಿತ. ಉಳಿದ ಚಾರ್ಜನ್ನು ಮಗಳ ಕೈಗೆ ಕೊಡಿ, ಇಡ್ಲಿ ತಿಂದದ್ದಕ್ಕೆ ಲೆಕ್ಕ ಕೇಳಬೇಡಿ. ಪೇಟೆಗೆ ಹೋದಾಗ ನೀವೂ ಅವಳ ಜೊತೆ ಹೋಟೆಲಿಗೆ ಹೋಗಿ. ಪರದೆಯ ಒಳಗಲ್ಲ, ಫ್ಯಾನಿನ ಕೆಳಗೇ ಕೂತುಕೊಳ್ಳಿ.